ಬಟರ್ ಪೇಪರಿನ ಮೇಲಿನ ಅಜ್ಜ

ಆಲ್ದೂರು
೯ ಜೂನ್ ೨೦೨೪

ಪ್ರಿಯ ತ್ರಿಪುರಾ,

ನಿನ್ನ 'ಚಪ್ಪಲಿ ಹುಡುಕುವ ಅಜ್ಜ' ನಿನ್ನೆ ಬೆಳಗಿನ ಹೊರನಾಡು ಬಸ್ಸಿನಲ್ಲಿ ಬಂದು ತಲುಪಿದ. ಕಂಡಕ್ಟರು ನನ್ನ ಟೈಲರಿಂಗ್ ಅಂಗಡಿಯ ಮುಂದೆ ಬಸ್ಸು ನಿಧಾನ ಮಾಡಿಸಿ ಕವರು ಕೊಟ್ಟು ಹೋದರು. ಕವರು ಮಡಚಿರಲಿಲ್ಲ, ಒದ್ದೆಯೂ ಆಗಿರಲಿಲ್ಲ. ಜೂನ್ ತಿಂಗಳಲ್ಲಿ ಅಷ್ಟಾದರೆ ದೊಡ್ಡದು.

ಮೊದಲು ಹೊಗಳುವ ಶಾಸ್ತ್ರ ಮುಗಿಸುತ್ತೇನೆ. ಫೇಸ್‌ಬುಕ್ಕಿನ ನಮ್ಮ 'ಗೆರೆಮನೆ' ಗುಂಪಿನಲ್ಲಿ ಈ ಚಿತ್ರಕ್ಕೆ ಬಿದ್ದಷ್ಟು ಲೈಕು ಈ ವರ್ಷ ಯಾವ ವ್ಯಂಗ್ಯಚಿತ್ರಕ್ಕೂ ಬಿದ್ದಿಲ್ಲ. ನಿಮ್ಮ ಲಾಡ್ಜಿನ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಚಪ್ಪಲಿಯ ರಾಶಿ, ಫೋನು ನೋಡುತ್ತ ನಿಂತ ಮಗ, ಗದರುವ ಸೊಸೆ, ಇವರ ನಡುವೆ ಕಾಲಿನಲ್ಲೇ ಚಪ್ಪಲಿ ತಡಕುತ್ತಿರುವ ಅಜ್ಜ. ನಾನೂ ಲೈಕು ಒತ್ತಿ 'ಅದ್ಭುತ' ಎಂದು ಬರೆದೆ. ಹಾಗೆ ಬರೆಯಲೇಬೇಕು. ಗುಂಪಿನಲ್ಲಿರುವವರೆಲ್ಲ ಒಬ್ಬರಿಗೊಬ್ಬರು ನೆಂಟರು, ಇಲ್ಲವೇ ನೆಂಟರ ಪೈಕಿಯವರು. ನೀವು ಬರೆದ ಮೂಗು ಸೊಟ್ಟ ಎಂದರೆ ಮದುವೆ ಮನೆಯಲ್ಲಿ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಅದಕ್ಕೇ ತಾನೇ ನಾವಿಬ್ಬರೂ ಗುಂಪಿನಲ್ಲಿ ಹೊಗಳಿಕೆ, ಬಸ್ಸಿನಲ್ಲಿ ತಿದ್ದುಪಡಿ ಎಂದು ಮಾತಾಡಿಕೊಂಡದ್ದು.

ಈಗ ಬಸ್ಸಿನ ಮಾತು. ನೀನು ಅಜ್ಜನ ಬೆನ್ನನ್ನು ಬಗ್ಗಿಸಿದ್ದೀಯ, ಅಜ್ಜನನ್ನು ಬಗ್ಗಿಸಿಲ್ಲ. ಮಂಡಿ ನೋಯುವವನು ಮೊದಲು ಕೈಯನ್ನು ತೊಡೆಯ ಮೇಲೆ ಊರುತ್ತಾನೆ, ಆಮೇಲೆ ಬಾಗುತ್ತಾನೆ. ಬ್ಲೌಸಿನ ಕಸೂತಿಯ ನಕಲು ತೆಗೆಯಲೆಂದು ಇಟ್ಟುಕೊಂಡ, ಕೆಳಗಿನದು ಕಾಣುವ ಬಟರ್ ಪೇಪರನ್ನು ನಿನ್ನ ಚಿತ್ರದ ಮೇಲೆ ಹಾಸಿ, ಕೆಂಪು ಪೆನ್ಸಿಲಿನಲ್ಲಿ ಅಜ್ಜನೊಬ್ಬನನ್ನೇ ಎಳೆದಿದ್ದೇನೆ. ಗಿರಾಕಿಯೊಬ್ಬರು ಫಾಲ್ಸ್ ಹಚ್ಚಿಸಲು ಬಂದಿದ್ದರು. ಅವರು ಚೀಲದಿಂದ ಸೀರೆ ತೆಗೆಯುವಷ್ಟರಲ್ಲಿ ಮುಗಿಸಿದೆ. ತಿದ್ದುವುದಕ್ಕೆ ಅದಕ್ಕಿಂತ ಹೊತ್ತು ಬೇಡ.

ಓಂಕಾರಮೂರ್ತಿ ಸರ್ ಗುಂಪಿನಲ್ಲಿ ಹಾಕಿದ ಸೂಚನೆ ನೋಡಿದೆಯಾ? ಗುಂಪು ಕಟ್ಟಿದ್ದು ಸಾಲದೆ ಈಗ ಅವರಿಗೆ ಪುಸ್ತಕ ತರುವ ಉಮೇದು ಬಂದಿದೆ. ರಾಜ್ಯೋತ್ಸವಕ್ಕೆ ಚಿಕ್ಕಮಗಳೂರಿನಲ್ಲಿ ಬಿಡುಗಡೆಯಂತೆ. ಆಗಸ್ಟಿನಲ್ಲಿ 'ಹೆಸರಿಲ್ಲದ ವಾರ' ಮಾಡುತ್ತಾರೆ. ಒಬ್ಬೊಬ್ಬರು ಒಂದೇ ಚಿತ್ರವನ್ನು ಗುಟ್ಟಾಗಿ ಅವರಿಗೆ ಕಳಿಸಬೇಕು, ಅವರು ಹೆಸರು ತೆಗೆದು ಗುಂಪಿಗೆ ಹಾಕುತ್ತಾರೆ. ಆ ಒಂದು ವಾರ ಯಾರ ಚಿತ್ರವನ್ನು ಬೇಕಾದರೂ ಯಾರು ಬೇಕಾದರೂ ಬೈಯಬಹುದು. ಕೊನೆಗೆ ವೋಟು. ಗೆದ್ದ ಚಿತ್ರ ಪುಸ್ತಕದ ಮುಖಪುಟಕ್ಕೆ.

ತ್ರಿಪುರಾ, ಆ ಮುಖಪುಟ ನನಗೆ ಬೇಕು. ಸುತ್ತಿ ಬಳಸಿ ಹೇಳುವುದಿಲ್ಲ. ಮೂಡಿಗೆರೆ ಕಾಲೇಜಿನಲ್ಲಿ ಲೆಕ್ಚರರ ಮುಖ ಬರೆದು ಕ್ಲಾಸಿನ ಹೊರಗೆ ನಿಂತವಳು ನಾನು. ಆಗ ನೀನು ಒಳಗೆ ನೋಟ್ಸ್ ಬರೆದುಕೊಳ್ಳುತ್ತಿದ್ದೆ. ಕಳೆದ ದೀಪಾವಳಿಗೆ ನಿನ್ನನ್ನು ಈ ಗುಂಪಿಗೆ ಸೇರಿಸಿದವಳೂ ನಾನೇ. ಇಷ್ಟು ವರ್ಷ ಗೀಚಿದವಳ ಹೆಸರು ಒಂದು ಸಲವಾದರೂ ಅಚ್ಚಿನಲ್ಲಿ ಬರಬೇಕು.

ಅಜ್ಜನನ್ನು ಜೋಪಾನವಾಗಿ ವಾಪಸು ಕಳಿಸಿದ್ದೇನೆ.

ಇಂತಿ,
ಪವಿತ್ರಾ


ಹೊರನಾಡು
೧೯ ಜೂನ್ ೨೦೨೪

ಪ್ರೀತಿಯ ಪವಿ,

ನಿನ್ನ ಬಟರ್ ಪೇಪರನ್ನು ನನ್ನ ಚಿತ್ರದ ಮೇಲೆ ಇಟ್ಟು ನೋಡಿದೆ, ತೆಗೆದು ನೋಡಿದೆ, ಮತ್ತೆ ಇಟ್ಟು ನೋಡಿದೆ. ಬೈದದ್ದು ಸರಿ ಇದೆ. ನನ್ನ ಅಜ್ಜನಿಗೆ ಮಂಡಿಯೇ ಇಲ್ಲ.

ನೀನು ಕಳಿಸಿದ ತಿದ್ದುಪಡಿಗಳನ್ನೆಲ್ಲ ಕೌಂಟರಿನ ಡ್ರಾಯರಿನಲ್ಲಿ, ರೂಮಿನ ಬೀಗದ ಕೈಗಳ ಜೊತೆ ಇಟ್ಟಿರುತ್ತೇನೆ. ಯಾತ್ರಿಕರು ಊಟದ ಹೊತ್ತಿಗೆ ದೇವಸ್ಥಾನಕ್ಕೆ ಹೋದಾಗ ಲಾಡ್ಜು ಖಾಲಿಯಾಗುತ್ತದಲ್ಲ, ಆಗ ತೆಗೆದು ನೋಡುತ್ತೇನೆ. ನಾನು ಬರೆಯುವುದೂ ಆಗಲೇ, ಹಳೆಯ ಬಾಡಿಗೆ ದರದ ರಟ್ಟುಗಳ ಹಿಂಬದಿಯಲ್ಲಿ. ಮೊನ್ನೆ ನಮ್ಮ ಅತ್ತೆ ನೋಡಿಬಿಟ್ಟರು. "ಎಂತ ಬರೀತಾ ಇದ್ದೀಯೆ? ಬಂದವ್ರ ಮುಖನೆಲ್ಲ ಹೀಂಗೆ ಬರ್ದ್ರೆ ಅವ್ರು ಇನ್ನೊಂದ್ಸಲ ನಮ್ಮಲ್ಲಿಗೆ ಬರ್ತಾರನಾ?" ಎಂದರು. ಆಮೇಲೆ ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಹನ್ನೊಂದನೇ ರೂಮಿನವ್ರು ಅಲ್ದಾ?" ಎಂದು ಕೇಳಿದರು. ಅವರೇ. ಅತ್ತೆಗೆ ಗುರುತು ಸಿಕ್ಕಿತಲ್ಲ ಎಂದು ನನಗೆ ಇಡೀ ದಿನ ಖುಷಿ.

ಚಪ್ಪಲಿ ಹುಡುಕಿದ ಅಜ್ಜ ನಿಜವಾದವರು. ಹಾಸನದ ಕಡೆಯವರು. ಮಗ ಸೊಸೆ ಜಗಳವಾಡುತ್ತಿದ್ದಾಗ ಯಾರದ್ದೋ ಹೊಸ ಚಪ್ಪಲಿ ಕಾಲಿಗೆ ಸಿಕ್ಕಿತು, ಸುಮ್ಮನೆ ಹಾಕಿಕೊಂಡು ಬಸ್ಸು ಹತ್ತಿದರು. ಅವರ ಹಳೆಯ ಚಪ್ಪಲಿ ಇನ್ನೂ ನಮ್ಮ ಮೆಟ್ಟಿಲ ಮೇಲಿದೆ.

ಮುಖಪುಟ ನಿನ್ನದೇ ಆಗಲಿ. ಅದಕ್ಕೆ ನನ್ನ ಅಡ್ಡಿ ಏನಿದೆ? ಆದರೆ ಒಂದು ಮಾತು. ನಾನು ಕ್ಲಾಸಿನೊಳಗೆ ನೋಟ್ಸ್ ಬರೆದುಕೊಳ್ಳುತ್ತಿದ್ದೆ ಎಂದು ಚುಚ್ಚಿದ್ದೀಯ. ನೀನು ಹೊರಗೆ ನಿಂತಾಗಲೆಲ್ಲ ನಿನ್ನ ನೋಟ್ಸನ್ನೂ ಸೇರಿಸಿ ಬರೆಯುತ್ತಿದ್ದೆ. ಅದು ಮಾತ್ರ ನಿನಗೆ ನೆನಪಿದ್ದಂತಿಲ್ಲ.

ನಿನ್ನ,
ತ್ರಿಪುರಾ


ಆಲ್ದೂರು
೧೪ ಜುಲೈ ೨೦೨೪

ಪ್ರಿಯ ತ್ರಿಪುರಸುಂದರಿ,

ಪೂರ್ತಿ ಹೆಸರು ನೋಡಿಯೇ ನನಗೆ ಸಿಟ್ಟು ಬಂದಿದೆ ಎಂದು ತಿಳಿದಿರುತ್ತದೆ.

ಮೊನ್ನೆ ನೀನು ಗುಂಪಿಗೆ ಹಾಕಿದೆಯಲ್ಲ, ಲಾಡ್ಜಿನ ಕೌಂಟರಿನಲ್ಲಿ ಗಂಡ ಆಧಾರ್ ಕಾರ್ಡಿಗಾಗಿ ಅಂಗಿ, ಪ್ಯಾಂಟು, ಚೀಲ ಎಲ್ಲ ತಡಕುತ್ತಿರುತ್ತಾನೆ, ಹೆಂಡತಿ ಅದೇ ಕಾರ್ಡಿನಲ್ಲಿ ಗಾಳಿ ಬೀಸಿಕೊಳ್ಳುತ್ತ ನಿಂತಿರುತ್ತಾಳೆ. ಅದನ್ನು ನಮ್ಮ ಮನೆಯವರಿಗೆ ನಾನೇ ತೋರಿಸಿದೆ. ಶಶಿಧರ್ ನಗುವ ಪೈಕಿ ಅಲ್ಲ ಎಂದು ನಿನಗೆ ಗೊತ್ತು. ಅವರು ಕಾಫಿ ಲೋಟ ಕೆಳಗಿಟ್ಟು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಈಗ ಆ ಚಿತ್ರ ಅವರ ಫೋನಿನ ಮೇಲೆ ಕೂತಿದೆ. ಫೋನು ಬಂದಾಗಲೆಲ್ಲ ನಿನ್ನ ಆಧಾರ್ ಕಾರ್ಡು ಮಿಂಚುತ್ತದೆ.

ನನ್ನ ಚಿತ್ರ ನೋಡಿ ಅವರು 'ಚೆನ್ನಾಗಿದೆ' ಎನ್ನುತ್ತಾರೆ. ನಕ್ಕಿದ್ದು ಇಲ್ಲವೇ ಇಲ್ಲ. ಕೇಳಿಯೇಬಿಟ್ಟೆ. "ಅವಳದ್ರಲ್ಲಿ ಎಂತ ಉಂಟು, ನನ್ನದ್ರಲ್ಲಿ ಎಂತ ಇಲ್ಲ?"

"ಗೊತ್ತಿಲ್ಲ ಮಾರಾಯ್ತಿ," ಎಂದರು. "ನಿಂದು ನೋಡಿದ್ರೆ ಪಾಪ, ಎಷ್ಟು ಕಷ್ಟಪಟ್ಟಿದ್ದಾಳೆ ಅನ್ಸ್ತದೆ. ಅವ್ರದ್ದು ನೋಡಿದ್ರೆ ನಗು ಬರ್ತದೆ."

ಆ ಮಧ್ಯಾಹ್ನ ಅವರಿಗೆ ಹಿಂದಿನ ದಿನದ ಸಾರನ್ನೇ ಬಿಸಿ ಮಾಡಿ ಬಡಿಸಿದೆ.

ಕಷ್ಟಪಟ್ಟಿದ್ದೇನೆ, ಹೌದು. ಮುಖಪುಟಕ್ಕೆ ನಾನು ಬರೆಯುತ್ತಿರುವುದು ಆನೆಯ ಚಿತ್ರ. ತೋಟದಿಂದ ಇಳಿದು ಬಂದ ಆನೆ ನನ್ನಂಥ ಟೈಲರಿನ ಅಂಗಡಿಯಲ್ಲಿ ಅಳತೆ ಕೊಡಲು ನಿಂತಿದೆ, ಟೇಪು ಹೊಟ್ಟೆಯ ಅರ್ಧಕ್ಕೂ ಬಂದಿಲ್ಲ, ಹೊರಗೆ ಕೆಲಸದವರೆಲ್ಲ ಮರ ಹತ್ತಿ ಕೂತಿದ್ದಾರೆ. ಆನೆಯ ಚರ್ಮದ ಒಂದೊಂದು ಸುಕ್ಕನ್ನೂ ಸಣ್ಣ ನಿಬ್ಬಿನಲ್ಲಿ ಎಳೆಯುತ್ತಿದ್ದೇನೆ. ಬಲಗೈ ಹೆಬ್ಬೆರಳು ಮರಗಟ್ಟಿದೆ.

ನಿನಗೊಂದು ಸಲಹೆ. ನಿನ್ನ ಚಿತ್ರಗಳಲ್ಲಿ ಖಾಲಿ ಜಾಗ ಹೆಚ್ಚು. ನೆರಳು ತುಂಬು, ಅಡ್ಡಗೆರೆ ಎಳೆ, ಹಿಂದೆ ಗೋಡೆ, ಕ್ಯಾಲೆಂಡರು, ಕಿಟಕಿ ಎಲ್ಲ ಬರಲಿ. ಆಗ ಅದು ಚಿತ್ರ ಎನಿಸಿಕೊಳ್ಳುತ್ತದೆ.

ಇನ್ನೊಂದು ನೇರವಾದ ಪ್ರಶ್ನೆ. ಹೆಸರಿಲ್ಲದ ವಾರಕ್ಕೆ ನೀನೂ ಕಳಿಸುತ್ತೀಯಾ?

ಪವಿತ್ರಾ


ಹೊರನಾಡು
೩೦ ಜುಲೈ ೨೦೨೪

ಪವಿ,

ಕಳಸದ ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತ್ತು. ಅದಕ್ಕೇ ತಡ.

ನೀನು ಹೇಳಿದಂತೆ ಒಂದು ಚಿತ್ರಕ್ಕೆ ನೆರಳು ತುಂಬಿದೆ. ಗೋಡೆ, ಕ್ಯಾಲೆಂಡರು, ಕಿಟಕಿ ಎಲ್ಲ ಬರೆದೆ. ಅತ್ತೆಗೆ ತೋರಿಸಿದೆ. "ರೂಮು ಚೆನ್ನಾಗಿ ಬಂದಿದೆ, ಇದ್ರಲ್ಲಿ ಜನ ಎಲ್ಲಿದ್ದಾರೆ?" ಎಂದು ಕೇಳಿದರು. ಹರಿದು ಹಾಕಿದೆ.

ಆ ಸಲಹೆಯನ್ನು ನೀನು ನನ್ನ ಒಳ್ಳೆಯದಕ್ಕೇ ಕೊಟ್ಟೆ ಎಂದುಕೊಂಡಿದ್ದೇನೆ. ಹಾಗೆ ಅಂದುಕೊಳ್ಳಲು ಎರಡು ದಿನ ಬೇಕಾಯಿತು, ಅಷ್ಟೇ.

ನಿನ್ನ ಪ್ರಶ್ನೆಗೆ ಉತ್ತರ, ಹೌದು, ನನ್ನ ಪಾಲಿನ ಒಂದು ಚಿತ್ರ ಹೋಗುತ್ತದೆ.

ತ್ರಿಪುರಾ


ಆಲ್ದೂರು
೨೫ ಆಗಸ್ಟ್ ೨೦೨೪

ತ್ರಿಪುರಾ,

ಗೌರಿ ಹಬ್ಬದ ಬ್ಲೌಸುಗಳು ರಾಶಿ ಬಿದ್ದಿವೆ. ಆದರೂ ಎಲ್ಲ ಬದಿಗಿಟ್ಟು ಬರೆಯುತ್ತಿದ್ದೇನೆ. ಬರೆಯದಿದ್ದರೆ ಸೂಜಿ ಬೆರಳಿಗೇ ಹೋಗುತ್ತದೆ.

ಸೋಮವಾರ ಬೆಳಗ್ಗೆ ಓಂಕಾರಮೂರ್ತಿ ಸರ್ ಹೆಸರಿಲ್ಲದ ಚಿತ್ರಗಳನ್ನು ಹಾಕಿದರು. ನನ್ನ ಆನೆ ಮೇಲಿನ ಸಾಲಿನಲ್ಲೇ ಇತ್ತು. ಎರಡು ತಿಂಗಳ ಕೆಲಸ, ಒಂದು ಸುಕ್ಕೂ ತಪ್ಪಿಲ್ಲ. ಅದನ್ನು ನೋಡುತ್ತ ಕೆಳಗೆ ಜಾರಿಸಿದೆ. ಅಲ್ಲಿ ಅಜ್ಜನಿದ್ದ.

ಮೆಟ್ಟಿಲಿಲ್ಲ, ಮಗನಿಲ್ಲ, ಸೊಸೆಯಿಲ್ಲ, ಚಪ್ಪಲಿಯೂ ಇಲ್ಲ. ಬರೀ ಅಜ್ಜ. ಒಂದು ಕೈ ತೊಡೆಯ ಮೇಲೆ, ಒಂದು ಕಾಲು ಮುಂದೆ ಏನನ್ನೋ ತಡಕುತ್ತಿದೆ. ಏಳೆಂಟು ಗೆರೆ ಇದ್ದರೆ ಹೆಚ್ಚು. ಮಿಷಿನ್ನಿನ ಮೇಲೆ ನನ್ನ ಕಾಲು ನಿಂತುಹೋಯಿತು. ಇವನು ಯಾರು ಬರೆದ ಅಜ್ಜ ಎಂದು ನನಗೆ ಹೇಳಿಕೊಡಬೇಕೇ? ನಿನ್ನ ಹಳೆಯ ಅಜ್ಜ ಬಲಕ್ಕೆ ನೋಡುತ್ತಿದ್ದ, ಇವನು ಎಡಕ್ಕೆ ನೋಡುತ್ತಾನೆ. ಗುರುತು ಸಿಗಬಾರದು ಎಂದು ತಿರುಗಿಸಿದೆ, ಅಲ್ಲವೇ? ಮಂಡಿಯ ಪಾಠ ಹೇಳಿಕೊಟ್ಟದ್ದು ನಾನು. ಅದನ್ನು ಕಲಿತು ನನ್ನನ್ನೇ ದಾಟಿ ಹೋದೆ.

ಹೊಟ್ಟೆ ಉರಿಯಿತು ತ್ರಿಪುರಾ. ಬೇರೆ ಶಬ್ದ ಹುಡುಕುವುದಿಲ್ಲ. ಅಷ್ಟು ಕಡಿಮೆ ಗೆರೆಯಲ್ಲಿ ಅಷ್ಟು ಭಾರದ ಮುದುಕನನ್ನು ನಿಲ್ಲಿಸಲು ನನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ ಎನ್ನಿಸಿತು. ಜನ ಆಗಲೇ 'ಇದೇ ಮುಖಪುಟ' ಎಂದು ಬರೆಯತೊಡಗಿದ್ದರು.

ನಾನೂ ಬರೆದೆ. ಈ ವಾರ ಬೈಯುವ ಹಕ್ಕಿದೆಯಲ್ಲ. 'ಬೆನ್ನು ಬಾಗಿದಂತಿಲ್ಲ, ಮುರಿದಂತಿದೆ. ಚಪ್ಪಲಿ ಬರೆಯಲು ಬಾರದವರು ಚಪ್ಪಲಿಯನ್ನೇ ಬಿಟ್ಟಿದ್ದಾರೆ. ಇದು ಚಿತ್ರವಲ್ಲ, ಅರ್ಧಕ್ಕೆ ಬಿಟ್ಟ ಕೆಲಸ' ಎಂದೆ. ನಾನು ಹಳಬಳಲ್ಲವೇ, ನನ್ನ ಮಾತಿಗೆ ಬೆಲೆ ಇದೆ. ಮೂಡಿಗೆರೆಯ ವಿಶ್ವನಾಥ್ ಇದ್ದಾರಲ್ಲ, ಮನುಷ್ಯರ ಕೈ ಬರೆಯಲು ಬಾರದೆ ಬರೀ ನಾಯಿ ಬರೆಯುವವರು, ಅವರು 'ಪವಿತ್ರಾ ಮೇಡಂ ಹೇಳಿದ ಮೇಲೆ ನನಗೂ ಹಾಗೇ ಕಾಣುತ್ತಿದೆ' ಎಂದರು. ಆಮೇಲೆ ಒಬ್ಬರ ಹಿಂದೆ ಒಬ್ಬರು.

ಅಷ್ಟಕ್ಕೂ ನಿಲ್ಲಿಸಲಿಲ್ಲ. ಓಂಕಾರಮೂರ್ತಿ ಸರ್‌ಗೆ ಫೋನು ಮಾಡಿ ಅಪೂರ್ಣ ಚಿತ್ರವನ್ನು ವೋಟಿಗೆ ಇಡಬಾರದು ಎಂದೆ.

"ನೀವು ಖಂಡಿತ ಹೇಳ್ತಿದ್ದೀರಾ ಪವಿತ್ರಮ್ಮ?" ಎಂದರು.

"ಖಂಡಿತ ಸರ್."

"ಇನ್ನೊಂದ್ಸಲ ಸರಿಯಾಗಿ ನೋಡಿ ಹೇಳಿ."

"ಎಷ್ಟು ಸಲ ನೋಡಿದ್ರೂ ಅಷ್ಟೇ. ಬರ್ದವ್ರಿಗೆ ಗೆರೆ ಗೊತ್ತಿಲ್ಲ."

"ನಿಯಮ ಅಂದ್ರೆ ನಿಯಮ. ಚಿತ್ರ ತೆಗೆಯೂದಿಲ್ಲ, ಹೆಸರೂ ಹೇಳೂದಿಲ್ಲ. ಆದ್ರೆ ನೀವು ಹೀಗಂದಿದ್ದು ನಂಗೆ ಬೇಜಾರಾಯ್ತು," ಎಂದು ಫೋನಿಟ್ಟರು. ಅವರಿಗೆ ನಿನ್ನ ಮೇಲೆ ಎಷ್ಟು ಅಭಿಮಾನ ನೋಡು.

ಗುಂಪಿನಲ್ಲಿ ನೀನು ಓದಿರುತ್ತೀಯ. ಆದರೂ ಬಸ್ಸಿನ ಕರಾರು ಇದೆಯಲ್ಲ, ಅದಕ್ಕೆ ಇಲ್ಲಿಯೂ ಬರೆದಿದ್ದೇನೆ.

ಪವಿತ್ರಾ


ಆಲ್ದೂರು
೧೫ ಸೆಪ್ಟೆಂಬರ್ ೨೦೨೪

ತ್ರಿಪುರಾ,

ಹಬ್ಬ ಮುಗಿಯಿತು, ವೋಟೂ ಮುಗಿಯಿತು. ಕಾಫಿ ಕಣದಲ್ಲಿ ಮಲಗಿದ ನಾಯಿಗೆ ಮುಖಪುಟ. ವಿಶ್ವನಾಥ್ ಅವರ ನಾಯಿ. ತೊಳೆದು ಒಣಹಾಕಿದ ಪಾರ್ಚ್‌ಮೆಂಟ್ ಕಾಫಿಯ ರಾಶಿಯ ಮೇಲೆ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿದೆ, ತೋಟದ ಲೆಕ್ಕ ಬರೆಯುವ ರೈಟರು ಎಬ್ಬಿಸಲು ಹೆದರಿ ದೂರದಲ್ಲಿ ನಿಂತಿದ್ದಾನೆ, ಎರಡೂ ಕೈ ಬೆನ್ನ ಹಿಂದೆ. ಕೈ ಬರೆಯುವ ಕಷ್ಟ ತಪ್ಪಿಸಿಕೊಂಡಿದ್ದಾರೆ.

ಆನೆಗೆ ಬಿದ್ದ ವೋಟು ಹೇಳಿಕೊಳ್ಳುವಂತಿಲ್ಲ. ಅಜ್ಜ ಎರಡನೆಯವನು, ನಾಯಿಗಿಂತ ಸ್ವಲ್ಪವೇ ಹಿಂದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವನೇ ಗೆಲ್ಲುತ್ತಿದ್ದ. ನನಗೆ ಸಮಾಧಾನವಾಗಬೇಕಿತ್ತು. ಆಗಿಲ್ಲ.

ನಿನ್ನ ಕಾಗದವಿಲ್ಲ. ದಿನಾ ಬೆಳಗ್ಗೆ ಬಸ್ಸಿನ ಹಾರ್ನಿಗೆ ಬಾಗಿಲಿಗೆ ಬರುತ್ತೇನೆ. ಕಂಡಕ್ಟರು ಕೈಯಾಡಿಸಿ ಮುಂದೆ ಹೋಗುತ್ತಾರೆ. ಶಶಿಧರ್ "ಅವ್ರಿಗೊಂದು ಫೋನು ಮಾಡು ಮಾರಾಯ್ತಿ" ಎನ್ನುತ್ತಾರೆ. ಮಾಡಿದರೆ ನೀನು ಎತ್ತುತ್ತೀಯ, 'ಪರವಾಗಿಲ್ಲ' ಎನ್ನುತ್ತೀಯ. ಅದನ್ನು ಕೇಳುವುದು ನನಗೆ ಬೇಡ.

ಬೈದಾದರೂ ಬರೆ.

ಪವಿ


ಹೊರನಾಡು
೨೯ ಸೆಪ್ಟೆಂಬರ್ ೨೦೨೪

ಪವಿತ್ರಾ,

ಕವರಿನಲ್ಲಿ ಒಂದು ಬಟರ್ ಪೇಪರ್ ಇದೆ. ಕಾಗದ ಮುಂದಕ್ಕೆ ಓದಬೇಡ. ಮೊದಲು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದುಗಡೆಯಿಂದ ನೋಡು.

ನೋಡಿದೆಯಾ? ಎಡಕ್ಕೆ ತಿರುಗಿರುವ ಅಜ್ಜ. ಕೆಂಪು ಪೆನ್ಸಿಲು. ನಿನ್ನ ಕೈ. ಜೂನ್ ತಿಂಗಳಲ್ಲಿ ಗಿರಾಕಿ ಸೀರೆ ತೆಗೆಯುವಷ್ಟರಲ್ಲಿ ನೀನು ಎಳೆದು ಬಸ್ಸಿಗೆ ಕೊಟ್ಟದ್ದು.

ಹಿಂದುಮುಂದಾದದ್ದು ನನ್ನ ತಪ್ಪು. ಬಟರ್ ಪೇಪರಿನ ಯಾವ ಬದಿ ಮೇಲೆ ಎಂದು ನೋಡದೆ ಫೋಟೋ ತೆಗೆದೆ. ಫೋನಿನಲ್ಲೇ ಕೆಂಪನ್ನು ಕಪ್ಪು ಮಾಡಿದೆ. ಅದು ಬಿಟ್ಟು ಒಂದು ಗೆರೆಯನ್ನೂ ನಾನು ಮುಟ್ಟಿಲ್ಲ. ಓಂಕಾರಮೂರ್ತಿ ಸರ್‌ಗೆ ಕಳಿಸುವಾಗ 'ಇದು ಆಲ್ದೂರಿನ ಪವಿತ್ರಾ ಬರೆದದ್ದು, ಅವಳಿಗೆ ಗೊತ್ತಿಲ್ಲ, ನನ್ನ ಪಾಲಿನ ಒಂದು ಚಿತ್ರದ ಬದಲು ಇದನ್ನು ಸೇರಿಸಿಕೊಳ್ಳಿ' ಎಂದು ಬೇಡಿಕೊಂಡೆ. ಅವರು ಮೊದಲು ಒಪ್ಪಲಿಲ್ಲ. ಚಿತ್ರವನ್ನು ತೆರೆದು ನೋಡಿದ ಮೇಲೆ ಒಪ್ಪಿದರು. ಈಗ ನಿನಗೆ ಅವರು ಫೋನಿನಲ್ಲಿ ಯಾಕೆ ಹಾಗೆ ಕೇಳಿದರು ಎಂದು ತಿಳಿದಿರಬೇಕು.

ಯಾಕೆ ಕಳಿಸಿದೆ ಎಂದರೆ, ನನಗೂ ಹೊಟ್ಟೆ ಉರಿಯುತ್ತದೆ ಪವಿ. ನಿನ್ನ ಆನೆಯನ್ನು ನೋಡಿದಾಗ ಅಲ್ಲ. ಡ್ರಾಯರು ತೆಗೆದು ಈ ಕೆಂಪು ಗೆರೆಗಳನ್ನು ನೋಡಿದಾಗ. ಅವುಗಳಂತೆ ಬರೆಯಬೇಕೆಂದು ರಟ್ಟುಗಳ ಮೇಲೆ ಎಷ್ಟು ಸಲ ಪ್ರಯತ್ನಿಸಿದ್ದೇನೋ ಲೆಕ್ಕವಿಲ್ಲ. ನಿನ್ನ ಗಂಡನಿಗೆ ನಗು ತರಿಸುವ ನನ್ನ ಚಿತ್ರಗಳೆಲ್ಲ ಈ ಗೆರೆಗಳನ್ನು ನೋಡಿ ಕಲಿತದ್ದು. ನಿನಗೆ ಮುಖಪುಟ ಬೇಕಿತ್ತು. ಆನೆಗೆ ಅದು ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಅದನ್ನು ನಿನಗೆ ಹೇಳುವ ಧೈರ್ಯವಿರಲಿಲ್ಲ. ನೀನು ಅಜ್ಜನನ್ನು ನೋಡಿದ ಕೂಡಲೇ ಗುರುತಿಸುತ್ತೀಯ, ಫೋನು ಮಾಡಿ ಕೂಗಾಡುತ್ತೀಯ, ಆಮೇಲೆ ಇಬ್ಬರೂ ನಗುತ್ತೇವೆ ಎಂದುಕೊಂಡಿದ್ದೆ.

ನಿನ್ನ ಮಾತುಗಳನ್ನು ಗುಂಪಿನಲ್ಲಿ ಓದಿ ಮೊದಲು ನಕ್ಕೆ ಕೂಡ. ನಿನ್ನ ಬೆನ್ನನ್ನೇ ನೀನು ಮುರಿಯುತ್ತಿದ್ದೆಯಲ್ಲ. ಆಮೇಲೆ ಹೊಳೆಯಿತು, ಅದು ನನ್ನದೆಂದು ತಿಳಿದೇ ನೀನು ಹಾಗೆ ಬರೆದದ್ದು. ಅದಾದ ಮೇಲೆ ನಗು ಬರಲಿಲ್ಲ. ಇಷ್ಟು ದಿನ ಕಾಗದ ಬರೆಯದಿದ್ದುದು ಅದಕ್ಕೇ.

ನವರಾತ್ರಿ ಹತ್ತಿರ ಬಂತು. ಲಾಡ್ಜು ತುಂಬಿದೆ. ಇನ್ನು ಬರೆಯಲು ಪುರುಸೊತ್ತಿಲ್ಲ.

ತ್ರಿಪುರಸುಂದರಿ


ಆಲ್ದೂರು
೧೩ ಅಕ್ಟೋಬರ್ ೨೦೨೪

ತ್ರಿಪುರಾ,

ಅಂಗಡಿಯಲ್ಲಿ ಕಿಟಕಿ ಇಲ್ಲ. ಬೀದಿಗೆ ಇಳಿದು ಆಕಾಶಕ್ಕೆ ಹಿಡಿದು ನೋಡಿದೆ. ಎದುರಿನ ಗೊಬ್ಬರದ ಅಂಗಡಿಯವರು "ಎಂತ ಪವಿತ್ರಕ್ಕ, ನೋಟು ಅಸಲಿಯಾ ಅಂತ ನೋಡ್ತಿದ್ದೀರಾ?" ಎಂದು ಕೇಳಿದರು.

ಎಳೆದದ್ದು ನನಗೆ ನೆನಪೇ ಇರಲಿಲ್ಲ. ತಿದ್ದಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಕವರಿಗೆ ಹಾಕಿ ಬಸ್ಸಿಗೆ ಕೊಟ್ಟರೆ ಮುಗಿಯಿತು. ಆನೆಯ ಸುಕ್ಕು ಒಂದೊಂದೂ ನೆನಪಿದೆ. ಅಜ್ಜನ ಒಂದು ಗೆರೆಯೂ ನೆನಪಿಲ್ಲ. ಮುಖಪುಟ ನನ್ನ ಕೈಯಲ್ಲೇ ಇತ್ತು, ನಾನೇ ಅದನ್ನು ತುಳಿದು ನಾಯಿಗೆ ಹಾಸಿಕೊಟ್ಟೆ. ಇದಕ್ಕೆ ಅಳಬೇಕೋ ನಗಬೇಕೋ ತಿಳಿಯದೆ ಶಶಿಧರ್‌ಗೆ ಹೇಳಿದೆ. ಅವರು ನಗಲಿಲ್ಲ. "ಅವ್ರು ತಮ್ಮದು ಬಿಟ್ಟು ನಿಂದು ಕಳ್ಸಿದ್ರಾ?" ಎಂದು ಮಾತ್ರ ಕೇಳಿದರು.

ಅದು ನಿನ್ನದೆಂದು ತಿಳಿದೇ ಬರೆದೆ ಎಂದೆಯಲ್ಲ. ನಿಜ. ಅದಕ್ಕೆ ನಾನು ಏನು ಹೇಳಿದರೂ ಸಾಲದು. ಗುಂಪಿನಲ್ಲಿ ಹಾಕಿದ ಮಾತುಗಳನ್ನು ಅಳಿಸಿಲ್ಲ. ಕೆಳಗೆ 'ಈ ಚಿತ್ರದ ಗೆರೆ ಬೈದವಳದ್ದೇ' ಎಂದು ಬರೆದಿದ್ದೇನೆ. ವಿಶ್ವನಾಥ್ ಅದಕ್ಕೂ 'ಈಗ ನನಗೂ ಹಾಗೇ ಕಾಣುತ್ತಿದೆ' ಎಂದಿದ್ದಾರೆ.

ಓಂಕಾರಮೂರ್ತಿ ಸರ್ ಅಜ್ಜನನ್ನು ಪುಸ್ತಕದ ಒಳಗಿನ ಮೊದಲ ಪುಟಕ್ಕೆ ಹಾಕುತ್ತಾರಂತೆ. ಯಾರ ಹೆಸರು ಹಾಕಲಿ ಎಂದು ಕೇಳಿದರು. ಕೆಳಗೆ ನಿನ್ನ ಅಜ್ಜ ಇಲ್ಲದಿದ್ದರೆ ಮೇಲೆ ನನ್ನ ಅಜ್ಜ ಬರುತ್ತಿರಲಿಲ್ಲ. ಇಬ್ಬರದೂ ಹಾಕಿ ಎಂದೆ. ಆದರೆ ನನ್ನ ಹೆಸರು ಮೊದಲಿರಲಿ ಎಂದೂ ಹೇಳಿದೆ. ಇಷ್ಟು ಹೊಟ್ಟೆಕಿಚ್ಚನ್ನು ನನ್ನ ಹತ್ತಿರ ಬಿಡು.

ಈಗ ಬೇರೊಂದು ಸಂಕಟ. ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಆ ಕೆಂಪು ಗೆರೆಯೇ ನನ್ನ ಗೆರೆ ಎಂದು ಗೊತ್ತಾದ ಮೇಲೆ ಅದು ಬರುತ್ತಿಲ್ಲ. ಬಟರ್ ಪೇಪರ್ ಹಾಸಿಕೊಂಡು, ಪೆನ್ಸಿಲು ಹಿಡಿದು, ಸುಮ್ಮನೆ ಎಳೆಯೋಣ ಎಂದು ಕೂರುತ್ತೇನೆ. ಕೈ ಯಾರಿಗೋ ತೋರಿಸಲು ಬರೆದಂತೆ ಬರೆಯುತ್ತದೆ. ಗೆರೆಯ ಹಿಂದೆ ಗೆರೆ, ಮತ್ತೆ ಸುಕ್ಕು, ಮತ್ತೆ ಆನೆ. ನಿನ್ನ ಹಳೆಯ ಚಿತ್ರವೊಂದರ ಫೋಟೋ ಮೇಲೆ ಹಾಸಿ ನೋಡಿದೆ. ಅದರ ಮೇಲೆ ಸಿಟ್ಟು ಆಗಲೇ ಆರಿಹೋಗಿದೆ, ಕೈ ಓಡಲಿಲ್ಲ.

ಅದಕ್ಕೆ ಒಂದು ಉಪಕಾರ ಮಾಡು. ಹೊಸ ಚಿತ್ರವೊಂದನ್ನು ಬರೆದು ಮೊದಲು ಗುಂಪಿಗೆ ಹಾಕು. ನನ್ನ ಮೇಲೆ ಕನಿಕರ ಇಟ್ಟುಕೊಂಡು ಸಾಧಾರಣದ್ದು ಹಾಕಬೇಡ. ತುಂಬ ಚೆನ್ನಾಗಿರಬೇಕು, ಜನ ಮುಗಿಬಿದ್ದು ಹೊಗಳಬೇಕು, ನನಗೆ ಊಟ ಸೇರಬಾರದು. ಆಮೇಲೆ ಬಸ್ಸಿಗೆ ಕೊಡು.

ನಿನ್ನ,
ಪವಿ


ಹೊರನಾಡು
೧೦ ನವೆಂಬರ್ ೨೦೨೪

ಪ್ರೀತಿಯ ಪವಿ,

ಪುಸ್ತಕ ಬಂತು. ಅತ್ತೆ ಕನ್ನಡಕ ಹಾಕಿಕೊಂಡು ಮೊದಲ ಪುಟದ ಹೆಸರುಗಳನ್ನು ಎರಡು ಸಲ ಓದಿದರು. "ನಿನ್ನ ಹೆಸ್ರು ಯಾಕೆ ಎರಡ್ನೇದು?" ಎಂದರು. ಅವಳಿಗೆ ಅದು ಬೇಕಿತ್ತು ಎಂದೆ. "ಹಾಗಾದ್ರೆ ಇರ್ಲಿ," ಎಂದು ಕೌಂಟರಿನ ಮೇಲೆ ಬಂದವರಿಗೆಲ್ಲ ಕಾಣುವಂತೆ ಇಟ್ಟಿದ್ದಾರೆ.

ನೀನು ಕೇಳಿದ್ದು ಮಾಡಿದ್ದೇನೆ. ನಿನ್ನೆ ಗುಂಪಿಗೆ ಹಾಕಿದೆ. ನೋಡಿರುತ್ತೀಯ, ನೋಡದಿದ್ದರೂ ಯಾರಾದರೂ ತೋರಿಸಿರುತ್ತಾರೆ. 'ಆಲ್ದೂರಿನ ಟೈಲರ್'. ಅವಳು ಯಾರದ್ದೋ ಚಿತ್ರಕ್ಕೆ ಬಿದ್ದ ಲೈಕುಗಳನ್ನು ಫೋನಿನಲ್ಲಿ ನೋಡುತ್ತ ಮಿಷಿನ್ ತುಳಿಯುತ್ತಿದ್ದಾಳೆ, ತನ್ನ ಸೆರಗನ್ನೇ ಗಿರಾಕಿಯ ಬ್ಲೌಸಿಗೆ ಸೇರಿಸಿ ಹೊಲಿದುಕೊಂಡಿದ್ದಾಳೆ. ಅಜ್ಜನಿಗೆ ಬಿದ್ದದ್ದಕ್ಕಿಂತ ಹೆಚ್ಚು ಲೈಕು ಬಿದ್ದಿದೆ. ಓಂಕಾರಮೂರ್ತಿ ಸರ್ ಮುಂದಿನ ಪುಸ್ತಕಕ್ಕೆ ಇದೇ ಮುಖಪುಟ ಎಂದು ಈಗಲೇ ಬರೆದುಬಿಟ್ಟಿದ್ದಾರೆ.

ಮೂಲ ಚಿತ್ರ ಕವರಿನಲ್ಲಿದೆ. ಹುಷಾರು, ಇಂಕು ಇನ್ನೂ ಸರಿಯಾಗಿ ಒಣಗಿಲ್ಲ.

ನಿನ್ನ,
ತ್ರಿಪುರಾ


ಆಲ್ದೂರು
೧೨ ನವೆಂಬರ್ ೨೦೨೪

ತ್ರಿಪುರಾ,

ನನ್ನ ಮೂಗು ಅಷ್ಟು ಉದ್ದವಿಲ್ಲ ಮಾರಾಯ್ತಿ. ಮಿಷಿನ್ ತುಳಿಯುವವಳ ಬೆನ್ನು ಹಾಗಿರುವುದೂ ಇಲ್ಲ. ಶಶಿಧರ್ ಕಾಫಿ ಲೋಟ ಕೆಳಗಿಟ್ಟು ಇನ್ನೂ ನಗುತ್ತಿದ್ದಾರೆ.

ತಿದ್ದಿದ್ದು ಇದರ ಜೊತೆಗಿದೆ. ಗಿರಾಕಿ ಚೀಲದಿಂದ ಸೀರೆ ತೆಗೆಯುವಷ್ಟರಲ್ಲಿ ಮುಗಿಸಿದೆ.

ಪವಿ